ಕರೆಯದೆ ಬಂದು ‘ಡಿ’ ಮನೆ ಹಿಡಿದ ಸಿಸ್ಟಂ ರಿಸರ್ವ್ಡ್ ಅವರ ಸನ್ನಿಧಿಗೆ

ಮಾನ್ಯರಲ್ಲಿ ಮಾನ್ಯರೂ, ಮುಟ್ಟಲಾಗದವರೂ, ಅಳಿಸಲಾಗದವರೂ, ಮಾಡುವ ಕೆಲಸವೇನೆಂದು ಈ ಬೀದಿಯಲ್ಲಿ ಒಬ್ಬರಿಗೂ ತಿಳಿಯದವರೂ ಆದ ಸಿಸ್ಟಂ ರಿಸರ್ವ್ಡ್ ಅವರೇ,

ಇಷ್ಟು ದಿನ ಮುಚ್ಚಿಟ್ಟಿದ್ದ ಒಂದು ವಿಷಯವನ್ನು ಮೊದಲೇ ಹೇಳಿ ಹಗುರಾಗುತ್ತೇನೆ. ಈ ಮನೆಯಲ್ಲಿ ನನ್ನನ್ನು ‘ಕಂಪ್ಯೂಟರ್ ಗೊತ್ತಿರುವವಳು’ ಎಂದು ಕರೆಯುತ್ತಾರೆ, ನಾನೂ ಓ ಎನ್ನುತ್ತ ಬಂದಿದ್ದೇನೆ. ನನಗೆ ನಿಜವಾಗಿ ಗೊತ್ತಿರುವುದು ‘ಮುಂದೆ’ ಎಂಬ ಗುಂಡಿ ಒತ್ತುವುದು ಮಾತ್ರ. ಪರದೆಯ ಮೇಲೆ ಏನೇ ಬರಲಿ, ಪೂರ್ತಿ ಓದಿದವಳ ಹಾಗೆ ಹುಬ್ಬು ಗಂಟಿಕ್ಕಿಕೊಂಡು, ತುಸು ತಡೆದು, ಆಮೇಲೆ ಒತ್ತುತ್ತೇನೆ. ಆ ತುಸು ತಡೆಯುವುದನ್ನೇ ಎಲ್ಲರೂ ನನ್ನ ವಿದ್ಯೆ ಎಂದುಕೊಂಡಿದ್ದಾರೆ. ಶಾಲೆಯಲ್ಲಿ ಕುಳಿತಲ್ಲಿ ಕೂರಲಾಗದೆ ವರ್ಷದ ನಡುವೆಯೇ ಎದ್ದು ಬಂದವಳಿಗೆ ಒಂದು ವಿದ್ಯೆಯಾದರೂ ಇರಲಿ ಎಂದು ದೇವರಂಥ ಅಕ್ಕ ನಂಬಿಕೊಂಡಳು; ಆ ನಂಬಿಕೆಯ ಮೇಲೆಯೇ ನನಗೆ ಅವಳ ಮನೆಯಲ್ಲಿ ಒಂದು ಮಂಚ, ಎರಡು ಹೊತ್ತಿನ ಊಟ ಮತ್ತು ಒಂದು ತಿರುಗುವ ಕುರ್ಚಿ ಸಿಕ್ಕಿದ್ದವು. ತಾವು ಬಂದ ಮೇಲೆ ಈ ಮೂರೂ ಹೋಗಿವೆ. ಆದ್ದರಿಂದಲೇ ಈ ಪತ್ರ.

ತಮ್ಮ ಆರೋಗ್ಯ ಚೆನ್ನಾಗಿಯೇ ಇರುತ್ತದೆಂದು ಬಲ್ಲೆ. ಏನೂ ಮಾಡದೆ ಇರುವವರ ಆರೋಗ್ಯ ಕೆಡುವುದನ್ನು ನಾನು ಕಂಡಿಲ್ಲ. ಆದರೂ ತಾವು ಎಂಥ ಮನೆಗೆ ಬಂದಿರಿ ಎಂಬುದನ್ನು ತಿಳಿಸುವುದು ನನ್ನ ಕರ್ತವ್ಯ, ಏಕೆಂದರೆ ಬರುವಾಗ ತಾವು ಯಾರನ್ನೂ ಕೇಳಿಕೊಂಡು ಬರಲಿಲ್ಲ. ಇದು ಕಸೂತಿ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹಾಸಿಗೆಯಷ್ಟು ಅಗಲದ ಕಸೂತಿ ಯಂತ್ರ, ಗೋಡೆಯ ತುಂಬ ಬಣ್ಣಬಣ್ಣದ ದಾರದ ಉಂಡೆಗಳು, ಕಿಟಕಿಯ ಪಕ್ಕ ಹಳೆಯ ಊಟದ ಮೇಜಿನ ಮೇಲೆ ಕಂಪ್ಯೂಟರ್. ಅಂಗಿಯ ಜೇಬಿನ ಮೇಲೆ, ಕೋಟಿನ ಎದೆಯ ಮೇಲೆ, ಟೋಪಿಯ ಹಣೆಯ ಮೇಲೆ ಸಂಸ್ಥೆಗಳ ಹೆಸರು ಮತ್ತು ಲಾಂಛನ ಹೊಲಿದು ಕೊಡುವುದು ನಮ್ಮ ಕಸುಬು. ಚಿತ್ರಗಳನ್ನು ಬಿಡಿಸುವವಳು ಅಕ್ಕ. ಗಿರಾಕಿಗಳ ಜೊತೆ ಮಾತಾಡುವವರು ಭಾವ. ಚೌಕಟ್ಟಿಗೆ ಬಟ್ಟೆ ಬಿಗಿದು ಹಸಿರು ಗುಂಡಿ ಒತ್ತುವವರು ಭಾವನ ತಾಯಿ, ನಾನೂ ಅತ್ತೆ ಎಂದೇ ಕರೆಯುವವರು. ಕಂಪ್ಯೂಟರ್ ಕೆಟ್ಟರೆ ಬೈಸಿಕೊಳ್ಳುವವಳು ನಾನು.

ಈ ಮನೆಯಲ್ಲಿ ಡಿಸ್ಕಿನ ಭಾಗಗಳಿಗೂ ‘ಮನೆ’ ಎಂದೇ ಹೆಸರು. ಸಿ ಕಂಪ್ಯೂಟರಿನ ಸ್ವಂತ ಮನೆ, ಅಲ್ಲಿಗೆ ಯಾರೂ ಹೋಗುವಂತಿಲ್ಲ. ಡಿ ಅಕ್ಕನ ಮನೆ, ಹೊಲಿಯಲು ಸಿದ್ಧವಾದ ಚಿತ್ರಗಳೆಲ್ಲ ಅಲ್ಲಿ. ಇ ಭಾವನ ಮನೆ. ಅವರು ಚಿತ್ರ ಬಿಡಿಸುವುದನ್ನು ಕಲಿಯುತ್ತೇನೆಂದು ಹಟ ಹಿಡಿದು, ಅಕ್ಕನ ಚಿತ್ರಗಳನ್ನು ಅಲ್ಲಿಗೆ ನಕಲು ಮಾಡಿಕೊಂಡು ತಿದ್ದಿ ತೀಡಿ ಹಾಳುಮಾಡುವ ಜಾಗ. ಹೊಲಿಗೆಗೆ ಹೋಗಬೇಕಾದುದನ್ನು ಅಕ್ಕ ಡಿ ಮನೆಯ ‘ಇಂದು’ ಎಂಬ ಕಡತದೊಳಗೆ ಹಾಕುತ್ತಾಳೆ, ಯಂತ್ರ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಅತ್ತೆಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಅವರು ದಾರದ ಬಣ್ಣ ನೋಡಿ ಕೆಲಸ ಮುಗಿಯಿತೋ ಇಲ್ಲವೋ ಹೇಳುತ್ತಾರೆ. “ಬಂಗಾರದ್ದು ಬಂತು, ನೀಲಿ ಬಂತು, ಎತ್ತಿಟ್ಟೆ” ಎಂಬುದು ಅವರ ದಿನಚರಿ. ಇಷ್ಟು ಸರಳವಾದ ಬಾಳು ನಮ್ಮದು. ಡಿ ಎಂದರೆ ಅಕ್ಕ ಎಂದು ಯಂತ್ರಕ್ಕೂ ಗೊತ್ತಿತ್ತು.

ಕಂಪ್ಯೂಟರ್ ನಿಧಾನವಾದದ್ದು ನಿಜ. ಗುಂಡಿ ಒತ್ತಿ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರೂ ಪರದೆಯ ಮೇಲೆ ಅದೇ ಚಕ್ರ ಸುತ್ತುತ್ತಿತ್ತು. ಆಸ್ಪತ್ರೆಯೊಂದರ ವೈದ್ಯರ ಬಿಳಿ ಕೋಟುಗಳು ರಾಶಿಯಾಗಿ ಬಂದು ಬಿದ್ದಿದ್ದವು. ಹೊಸ ಆಸ್ಪತ್ರೆ, ಬಾಗಿಲು ತೆರೆಯುವ ದಿನ ಹತ್ತಿರದಲ್ಲಿತ್ತು, ಮುಂದೆ ಅವರ ಬಟ್ಟೆಯೆಲ್ಲ ನಮಗೇ ಎಂದು ಭಾವ ಕನಸು ಕಟ್ಟಿಕೊಂಡಿದ್ದರು. “ಸಿಸ್ಟಂ ಹೊಸದಾಗಿ ಹಾಕ್ತೀನಿ, ಹಕ್ಕಿ ಥರ ಹಾರುತ್ತೆ” ಎಂದು ನಾನೇ ಹೇಳಿದೆ. “ಚಿತ್ರ ಹೋದ್ರೆ?” ಎಂದಳು ಅಕ್ಕ. “ಸಿ ಮನೆ ಮಾತ್ರ ಒರೆಸೋದು, ನಿಮ್ಮ ಮನೆಗಳ ತಂಟೆಗೇ ಹೋಗಲ್ಲ” ಎಂದೆ. ಹೇಳಿದಂತೆಯೇ ಮಾಡಿದೆ. ತಮ್ಮ ಹಿತೈಷಿಯಾದ ‘ಮುಂದೆ’ ಗುಂಡಿಯನ್ನು ಶ್ರದ್ಧೆಯಿಂದ ಒತ್ತುತ್ತ ಹೋದೆ. ಸಂಜೆಯ ಹೊತ್ತಿಗೆ ಕಂಪ್ಯೂಟರ್ ಎದ್ದು ಕುಳಿತಿತು, ಹಕ್ಕಿಯಲ್ಲದಿದ್ದರೂ ಕೋಳಿಯಷ್ಟಾದರೂ ಹಾರಿತು, ನಾನು ತಿರುಗುವ ಕುರ್ಚಿಯಲ್ಲಿ ಒಂದು ಸುತ್ತು ಸುತ್ತಿದೆ. ಸುತ್ತಿ ಬಂದು ನೋಡಿದರೆ ಡಿ ಮನೆಯಲ್ಲಿ ‘ಸಿಸ್ಟಂ ರಿಸರ್ವ್ಡ್’ ಎಂದು ಹೆಸರು ಹಾಕಿಕೊಂಡು ತಾವಿದ್ದಿರಿ!

ಎಂಥ ಸರಳತೆ ತಮ್ಮದು! ಬಾಗಿಲು ತೆರೆದರೆ ಒಳಗೆ ಏನೂ ಇಲ್ಲ, ಒಂದು ಕಡತವಿಲ್ಲ, ಒಂದು ಚಿತ್ರವಿಲ್ಲ. ಆದರೂ ಹೊರಗಿನ ಪಟ್ಟಿ ಕೆಂಪಗೆ ಹೊಳೆಯುತ್ತ ‘ಜಾಗ ಸಾಲದು, ಜಾಗ ಸಾಲದು’ ಎಂದು ಮೂಲೆಯಿಂದ ಗಳಿಗೆಗೊಮ್ಮೆ ಕೂಗುತ್ತದೆ. ಬರಿಗೈಯಲ್ಲಿ ಬಂದು ಕೋಣೆ ತುಂಬ ಕುಳಿತು, ಇನ್ನೂ ಜಾಗ ಬೇಕೆನ್ನುವ ಕಲೆ ಕೆಲವು ಹಿರಿಯರಿಗೆ ಮಾತ್ರ ಸಿದ್ಧಿಸುತ್ತದೆಂದು ತಿಳಿದಿದ್ದೆ. ಡಿಸ್ಕಿನ ತುಂಡಿಗೂ ಸಿದ್ಧಿಸುತ್ತದೆಂದು ತಮ್ಮಿಂದ ತಿಳಿಯಿತು. ಅಕ್ಕ ತನ್ನ ಮನೆ ಎಂದುಕೊಂಡು ಡಿ ತೆರೆದವಳು ಬಿಳಿಚಿಕೊಂಡಳು. “ಏನೇ ಇದು? ಎಲ್ಲಾ ಹೋಯ್ತಾ?” ಎಂದಳು. ಅವಳು ಮದುವೆಯಾಗಿ ಬಂದಾಗಿನಿಂದ ಬಿಡಿಸಿದ ಚಿತ್ರಗಳೆಲ್ಲ ಅದರಲ್ಲಿ. ಹೋಗಿಲ್ಲ, ಪಕ್ಕದ ಮನೆಗೆ ಸರಿದಿವೆ ಎಂದು ತೋರಿಸಿ ಅವಳಿಗೆ ನೀರು ಕೊಟ್ಟೆ. ತಾವು ಡಿ ಹಿಡಿದದ್ದರಿಂದ ನಮ್ಮ ಎರಡು ಮನೆಗಳು ಒಂದೊಂದು ಅಕ್ಷರ ಮುಂದೆ ಹೋಗಿ ಇ, ಎಫ್ ಆಗಿ ಕುಳಿತಿದ್ದವು. ಯಂತ್ರ ಮಾತ್ರ ಹಳೆಯ ನಿಷ್ಠೆಯಿಂದ ಡಿ ಮನೆಯ ಬಾಗಿಲನ್ನೇ ತಟ್ಟುತ್ತ, ತಮ್ಮಿಂದ ಉತ್ತರ ಬಾರದೆ, ಸುಮ್ಮನೆ ನಿಂತಿತ್ತು.

ತಮ್ಮನ್ನು ಅಳಿಸಲು ಹೋದೆನೆಂಬುದನ್ನು ಮುಚ್ಚಿಡುವುದಿಲ್ಲ. ಡಿಸ್ಕಿನ ಭಾಗಗಳನ್ನೆಲ್ಲ ನೀಲಿ ಪಟ್ಟಿಯ ಡಬ್ಬಿಗಳಾಗಿ ತೋರಿಸುವ ಕಿಟಕಿ ತೆರೆದು, ತಮ್ಮ ಡಬ್ಬಿಯ ಮೇಲೆ ಒತ್ತಿ, ‘ಅಳಿಸು’ ಎಂಬುದನ್ನು ಹುಡುಕಿದೆ. ಅದು ಅಲ್ಲೇ ಇತ್ತು, ಆದರೆ ಮಂಕಾಗಿತ್ತು; ಎಷ್ಟು ಒತ್ತಿದರೂ ಅಲುಗಲಿಲ್ಲ. ಅಕ್ಕನ ಮನೆಯ ಮೇಲೆ ಒತ್ತಿ ನೋಡಿದೆ, ಅಲ್ಲಿ ‘ಅಳಿಸು’ ಕಪ್ಪಗೆ ಸ್ಪಷ್ಟವಾಗಿ, ಬೆರಳು ತಾಗಿದರೆ ಸಾಕು ಎಂಬಂತೆ ಕಾದಿತ್ತು. ಹಗಲೆಲ್ಲ ದುಡಿಯುವವರನ್ನು ಒಂದೇ ಒತ್ತಿಗೆ ಅಳಿಸಬಹುದು, ಖಾಲಿ ಕುಳಿತವರನ್ನು ಮುಟ್ಟುವಂತಿಲ್ಲ! ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡೆ.

ಎದುರಿನ ಅಂಗಡಿಯ ರಿಪೇರಿಯವರನ್ನು ಕೇಳಿದೆ. ಹಲ್ಲಿನ ನಡುವೆ ತಿರುಪುಮೊಳೆ ಕಚ್ಚಿಕೊಂಡೇ ಮಾತಾಡುವವರು ಅವರು. “ಅದನ್ನ ಮುಟ್ಟಬೇಡ. ಬೆಳಗ್ಗೆ ಕಂಪ್ಯೂಟರನ್ನ ಎಬ್ಬಿಸೋದೇ ಅದು. ಅದಕ್ಕೆ ಕೊಟ್ಟಿರೋ ಡಿ ಅನ್ನೋ ಅಕ್ಷರ ಕಿತ್ತಾಕು, ಕಣ್ಣಿಗೆ ಕಾಣಲ್ಲ” ಎಂದರು. ಆಗ ತಮ್ಮ ಉದ್ಯೋಗ ತಿಳಿಯಿತು. ಬೆಳಗ್ಗೆ ಒಮ್ಮೆ ಬಾಗಿಲು ತಟ್ಟಿ ‘ಏಳಿ’ ಎನ್ನುವುದು, ಆಮೇಲೆ ಸಂಜೆಯವರೆಗೆ ವಿಶ್ರಾಂತಿ. ನಮ್ಮ ಅತ್ತೆಯೂ ಮನೆಯನ್ನೆಲ್ಲ ಹೀಗೆಯೇ ಎಬ್ಬಿಸುತ್ತಾರೆ, ಆದರೆ ಆಮೇಲೆ ಚಹಾ ಕಾಯಿಸುತ್ತಾರೆ, ಕೋಟು ಬಿಗಿಯುತ್ತಾರೆ, ಇಷ್ಟಾಗಿಯೂ ಅವರಿಗೆ ಯಾರೂ ಒಂದು ಕೋಣೆಯನ್ನು ಕಾಯ್ದಿರಿಸಿಲ್ಲ. ಅವರು ಮಲಗುವುದು ಯಂತ್ರದ ಪಕ್ಕದಲ್ಲಿ.

ರಿಪೇರಿಯವರು ಹೇಳಿದಂತೆ ತಮ್ಮ ಅಕ್ಷರ ಕಿತ್ತು ಹಾಕಿದೆ. ತಾವು ಮೂಲೆಯಲ್ಲಿ ಕಣ್ಮರೆಯಾದಿರಿ, ಕೂಗು ನಿಂತಿತು. ಇನ್ನು ಅಕ್ಕನ ಮನೆಗೆ ಡಿ ಎಂಬ ಅಕ್ಷರವನ್ನು ಮರಳಿ ಕೊಡಬೇಕಿತ್ತು. ಇಲ್ಲಿ ನನ್ನ ತಪ್ಪು ಬರುತ್ತದೆ, ದಯವಿಟ್ಟು ಅದನ್ನು ತಮ್ಮ ತಲೆಗೆ ಕಟ್ಟುತ್ತಿದ್ದೇನೆಂದು ಭಾವಿಸಬೇಡಿ. ಕಂಪ್ಯೂಟರ್ ಕೊಂಡ ದಿನ ಗಂಡ ಹೆಂಡತಿಯ ನಡುವೆ ಹೆಚ್ಚುಕಡಿಮೆ ಬೇಡವೆಂದು ಭಾವ ಇಬ್ಬರ ಮನೆಯನ್ನೂ ಸರಿಸಮ ಅಳತೆಗೆ ಕತ್ತರಿಸಿದ್ದರು. ಹೆಸರನ್ನಂತೂ ಇಬ್ಬರೂ ಇಟ್ಟಿರಲಿಲ್ಲ, ಎರಡಕ್ಕೂ ಕಂಪ್ಯೂಟರೇ ಇಟ್ಟ ‘ನ್ಯೂ ವಾಲ್ಯೂಮ್’ ಎಂದೇ ಹೆಸರು. ಒಂದೇ ಹೆಸರು, ಒಂದೇ ಅಳತೆ, ಒಂದೇ ನೀಲಿ ಪಟ್ಟಿ. ಇ ಎಂದರೆ ಭಾವ ಎಂಬ ಹಳೆಯ ರೂಢಿಯಲ್ಲಿ, ಎಫ್ ಆಗಿ ಕುಳಿತದ್ದೇ ಅಕ್ಕನದಿರಬೇಕೆಂದುಕೊಂಡೆ. ತೆರೆದು ನೋಡಿದೆ, ಒಳಗೆ ‘ಇಂದು’ ಇತ್ತು, ‘ಇಂದು’ ಒಳಗೆ ‘ಆಸ್ಪತ್ರೆ’ ಎಂಬ ಚಿತ್ರವೂ ಇತ್ತು. ಸಾಕೆನಿಸಿತು. ಆ ಚಿತ್ರವನ್ನು ತೆರೆದು ನೋಡಲಿಲ್ಲ. ಡಿ ಎಂದು ಕೊಟ್ಟು, ಯಂತ್ರಕ್ಕೆ ಸೇರಿಸಿ, ಅತ್ತೆಗೆ “ಶುರು ಮಾಡಿ” ಎಂದು ಹೇಳಿ, ಕುಳಿತಲ್ಲಿ ಕೂರಲಾಗದ ನನ್ನ ಹಳೆಯ ರೋಗಕ್ಕೆ ಸಿಕ್ಕಿ, ಕೆಟ್ಟು ಬಿದ್ದಿದ್ದ ಪ್ರಿಂಟರನ್ನು ಬಿಚ್ಚಿಕೊಂಡು ಹಿತ್ತಲಲ್ಲಿ ಕುಳಿತೆ. ಅಕ್ಕ, ಭಾವ ಬಟ್ಟೆ ತರಲು ಪೇಟೆಗೆ ಹೋಗಿದ್ದರು. ಅತ್ತೆ ಒಬ್ಬರೇ ಇಡೀ ದಿನ ಬಂಗಾರದ ದಾರ, ನೀಲಿ ದಾರ, ಬಂಗಾರದ ದಾರ, ನೀಲಿ ದಾರ ಎಂದು ಎಲ್ಲ ಕೋಟುಗಳನ್ನೂ ಮುಗಿಸಿ, ಮಡಿಸಿ, ರಾಶಿ ಮಾಡಿ ಇಟ್ಟರು. ಅವರ ಕೆಲಸದಲ್ಲಿ ಒಂದು ಎಳೆ ತಪ್ಪಿರಲಿಲ್ಲ.

ಸಂಜೆ ಅಕ್ಕ ಮೇಲಿನ ಕೋಟು ಬಿಡಿಸಿ ಬೆಳಕಿಗೆ ಹಿಡಿದಳು. ಲಾಂಛನ ಸರಿಯಾಗಿತ್ತು, ಎರಡು ಕೈಗಳ ನಡುವೆ ದೀಪ. ಅದರ ಕೆಳಗೆ ‘ಸೇವೆಯೇ ನಮ್ಮ ಉಸಿರು’ ಎಂದು ಇರಬೇಕಿತ್ತು. ಅದರ ಬದಲು ಬಂಗಾರದ ಅಕ್ಷರದಲ್ಲಿ, ನೀಲಿ ಅಂಚಿನೊಡನೆ, ಎಷ್ಟು ತೊಳೆದರೂ ಹೋಗದ ದಾರದಲ್ಲಿ, ‘ಇವರಿಗೆ ಇಷ್ಟೇ ಸಾಕು’ ಎಂದಿತ್ತು.

ಅದು ಭಾವನ ಮನೆಯ ಚಿತ್ರ; ಅವರು ಅಕ್ಕನ ‘ಇಂದು’ ಕಡತವನ್ನೇ ಇಡಿಯಾಗಿ ಅಲ್ಲಿಗೆ ನಕಲು ಮಾಡಿಕೊಂಡಿದ್ದರು. ಆಸ್ಪತ್ರೆಯವರು ದೀಪ ದೊಡ್ಡದು ಮಾಡಿ, ಚಿಕ್ಕದು ಮಾಡಿ, ಕೈ ಬಲಕ್ಕೆ ಸರಿಸಿ, ಎಡಕ್ಕೆ ಸರಿಸಿ ಎಂದು ಹೇಳಿ ಹೇಳಿ ಸುಸ್ತು ಮಾಡಿದ್ದ ದಿನ ಭಾವ ಅಕ್ಷರ ಕೂರಿಸುವುದನ್ನು ಕಲಿಯುತ್ತಿದ್ದರು. ಸಿಟ್ಟನ್ನು ಬಾಯಲ್ಲಿ ಹೇಳಲಾಗದೆ ಕೈಯಲ್ಲಿ ಬರೆದು ಮರೆತಿದ್ದರು. ಅಕ್ಷರ ಚೆನ್ನಾಗಿ ಕೂತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಭಾವ ಅಷ್ಟು ಅಂದವಾಗಿ ಬೇರೆ ಯಾವುದನ್ನೂ ಬಿಡಿಸಿದ್ದನ್ನು ನಾನು ನೋಡಿಲ್ಲ. ರೋಗಿಯೊಬ್ಬ ನೋವಿನಲ್ಲಿ ಕಣ್ಣು ತೆರೆದು, ಬಾಗಿ ನಿಂತ ವೈದ್ಯರ ಎದೆಯ ಮೇಲೆ ಆ ಮಾತನ್ನು ಓದುವುದನ್ನು ನೆನೆದು ನನಗೆ ನಗು ಬಂತು. ನಗಬಾರದಿತ್ತು. ಭಾವನಿಗೆ ನಗು ಬರಲಿಲ್ಲ.

ಇಲ್ಲಿ, ಮಾನ್ಯರೇ, ನಮ್ಮ ಬೀದಿಯ ಒಂದು ರೂಢಿಯನ್ನು ತಮ್ಮ ಗಮನಕ್ಕೆ ತರಬೇಕು. ಕಂಪ್ಯೂಟರ್ ಇರುವ ಅಂಗಡಿಯಲ್ಲಿ ಯಾರು ಏನು ತಪ್ಪು ಮಾಡಿದರೂ ಅದನ್ನು ಹೊರಲು ವೈರಸ್ ಎಂಬ ಕೂಲಿಯಾಳು ಸದಾ ಸಿದ್ಧ. ಬಿಲ್ಲಿನಲ್ಲಿ ಹೆಸರು ತಪ್ಪಿದರೆ ವೈರಸ್, ಹೇಳಿದ ದಿನ ಕೆಲಸ ಮುಗಿಯದಿದ್ದರೆ ವೈರಸ್, ಫೋಟೋ ಅಂಗಡಿಯವನು ವರನ ತಲೆ ಕತ್ತರಿಸಿ ಕೊಟ್ಟಾಗಲೂ ವೈರಸ್. ಭಾವ ಅದೇ ಆಳನ್ನು ಕರೆದರು. “ನೋಡು, ಕೋಟು ಒಯ್ಯೋಕೆ ನಾಳೆ ಆಸ್ಪತ್ರೆಯ ಮೇಟ್ರನ್ ಬರ್ತಾರೆ, ಅಷ್ಟರಲ್ಲಿ ಇಷ್ಟೂ ಬಿಚ್ಚೋಕಾಗಲ್ಲ. ವೈರಸ್ ಬಂದಿತ್ತು ಅಂತ ನೀನು ಹೇಳಬೇಕು. ಕಂಪ್ಯೂಟರ್ ಹುಡುಗಿ ಹೇಳಿದ್ರೆ ನಂಬ್ತಾರೆ” ಎಂದರು. ನಾನು ಆಗಲ್ಲ ಎಂದೆ. “ಯಾಕಾಗಲ್ಲ? ನಾಲಿಗೆ ಸವೆಯುತ್ತಾ?” ಎಂದರು. “ಬಂದಿಲ್ವಲ್ಲ ಭಾವ” ಎಂದೆ. “ಹಾಗಾದ್ರೆ ಬಾಯಿ ಮುಚ್ಕೊಂಡು ಕೂತ್ಕೋ, ನಾನೇ ಹೇಳ್ತೀನಿ. ಬಾಯಿ ಬಿಟ್ಟೆ ಅಂದ್ರೆ ಈ ಮನೇಲಿ ನಿನಗೆ ಜಾಗ ಇಲ್ಲ” ಎಂದರು. ಅಕ್ಕ ಕತ್ತರಿ ಹಿಡಿದು ದಾರ ಬಿಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. ಬಾಯಿ ಮುಚ್ಚಿಕೊಂಡು ಕೂರುವುದನ್ನು ಒಪ್ಪಿಕೊಂಡೆ. ಸುಳ್ಳು ಹೇಳುವುದು ಬೇರೆ, ಕೇಳದೆ ಹೇಳದಿರುವುದು ಬೇರೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಮೇಟ್ರನ್ ಬಂದರು. ನರ್ಸುಗಳ ಮುಖ್ಯಸ್ಥೆ, ಗಟ್ಟಿ ಹೆಂಗಸು, ಕೊರಳಲ್ಲಿ ಕನ್ನಡಕದ ಸರಪಳಿ, ಕಣ್ಣಿನಲ್ಲಿ ನಿದ್ದೆ ಇಲ್ಲದವರ ಕೆಂಪು. ಕೋಟು ಎತ್ತಿಕೊಂಡು ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. ಭಾವ ಕೈ ಹೊಸೆಯುತ್ತ, “ವೈರಸ್ ಬಂದುಬಿಟ್ಟಿತ್ತು ಮೇಡಂ, ಕಂಪ್ಯೂಟರಲ್ಲಿ” ಎಂದರು. ಮೇಟ್ರನ್ ಬಂಗಾರದ ಅಕ್ಷರಗಳ ಮೇಲೆ ಬೆರಳಾಡಿಸಿ, “ಇಷ್ಟು ನೀಟಾಗಿ ವಾಕ್ಯ ಬರೆಯೋ ವೈರಸ್ಸಾ?” ಎಂದು ಕೇಳಿದರು. ಆಮೇಲೆ ಭಾವನನ್ನು ಬಿಟ್ಟು ನನ್ನ ಕಡೆ ತಿರುಗಿ, “ನೀನು ಹೇಳಮ್ಮ. ಏನಾಯ್ತು?” ಎಂದರು. ಕೇಳಿಬಿಟ್ಟರಲ್ಲ. ಕೇಳದಿದ್ದರೆ ನಾನು ಇಂದಿಗೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ.

ಎಲ್ಲ ಹೇಳಿದೆ. ತಾವು ಡಿ ಮನೆಗೆ ಬಂದದ್ದು, ನಾನು ಅಕ್ಷರ ಬದಲಿಸಿದ್ದು, ಚಿತ್ರ ತೆರೆದು ನೋಡದೆ ಶುರು ಮಾಡಿಸಿದ್ದು. “ತಪ್ಪು ನಂದು” ಎಂದೆ. “ಅದು ಸರಿ, ಈ ಮಾತು ಯಾರದು?” ಎಂದರು. ಭಾವ ಗೋಡೆಯ ದಾರಗಳನ್ನು ಎಣಿಸುವವರ ಹಾಗೆ ನೋಡುತ್ತ ನಿಂತಿದ್ದರು. “ಭಾವಂದು” ಎಂದೆ.

ಮೇಟ್ರನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಭಾವನಿಗೆ ಅನುಕೂಲವಾಗುತ್ತಿತ್ತು. ಕೋಟು ಮಡಿಸಿ ಇಟ್ಟು ಅಕ್ಕನಿಗೆ, “ಬಿಚ್ಚಿ ಸರಿ ಮಾಡಿ ಕೊಡಮ್ಮ, ಅಲ್ಲೀವರೆಗೆ ಡಾಕ್ಟರುಗಳು ಏನೂ ಹೊಲಿಯದ ಬರೀ ಕೋಟು ಹಾಕ್ಕೋತಾರೆ” ಎಂದರು. ಬಾಗಿಲವರೆಗೆ ಹೋಗಿ ತಿರುಗಿ, “ತಂದು ಕೊಡೋದು ಮಾತ್ರ ಈ ಮಾತು ಬರೆದವರೇ ತರಬೇಕು. ಡಾಕ್ಟರುಗಳ ಕೈಗೆ ಒಂದೊಂದಾಗಿ” ಎಂದು ಹೇಳಿ ಹೊರಟುಹೋದರು. ಗಿರಾಕಿ ಉಳಿದರು. ಕೆಲಸ ಉಳಿಯಿತು. ಹೋದದ್ದು ಭಾವನ ಮುಖದ ಬಣ್ಣ, ಆಮೇಲೆ ನನ್ನ ಮಂಚ. ಗೇಟು ಹಾಕಿದ ಸದ್ದು ಕೇಳಿದ ಕೂಡಲೇ ಭಾವ ಹೇಳಿದ್ದು ಎರಡೇ ಮಾತು, “ಇನ್ನು ಹೊರಡು.”

ಮಾನ್ಯರೇ, ತಮ್ಮ ಮೇಲೆ ನನಗಿರುವುದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಈ ಮನೆಯಲ್ಲಿ ಹೆಚ್ಚುವರಿಯಾಗಿ ಬಂದು ಸೇರಿಕೊಂಡವರು ನಾವಿಬ್ಬರು. ಇಬ್ಬರನ್ನೂ ಯಾರೂ ಬಯಸಿ ಕರೆದಿರಲಿಲ್ಲ. ತಾವು ತುಟಿ ಬಿಚ್ಚದೆ ಮೂಲೆ ಸೇರಿದಿರಿ, ತಮ್ಮ ‘ಅಳಿಸು’ ಮಂಕಾಗಿಯೇ ಉಳಿಯಿತು. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟೆ, ನನ್ನನ್ನು ಒಂದೇ ಒತ್ತಿಗೆ ಅಳಿಸಿದರು, ‘ಖಚಿತವೇ?’ ಎಂದು ಕೇಳುವ ಪುಟ್ಟ ಕಿಟಕಿ ಕೂಡ ತೆರೆದುಕೊಳ್ಳಲಿಲ್ಲ. ಆದ್ದರಿಂದ ತಮ್ಮಲ್ಲಿ ವಿನಮ್ರವಾಗಿ ಬೇಡುವುದೇನೆಂದರೆ, ಭಾವನ ಬಾಯಿಗೂ ಅಂಥದೊಂದು ಕಿಟಕಿಯನ್ನು ಜೋಡಿಸುವ ವ್ಯವಸ್ಥೆ ಮಾಡಬೇಕು; ಮಾತು ಹೊರಬೀಳುವ ಮೊದಲು ‘ಹೌದು’, ‘ಬೇಡ’ ಎಂಬೆರಡು ಗುಂಡಿಗಳು ತುಟಿಯ ಮೇಲೆ ಮೂಡುವಂತಾಗಬೇಕು. ಶಾಲೆ ಬಿಟ್ಟವರು, ತವರು ಬಿಟ್ಟವರು, ಮನೆ ಬಿಡಿಸಿಕೊಂಡವರು, ಇವರಿಗೆಲ್ಲ ತಮ್ಮ ಒಳಗೆ ಒಂದಿಷ್ಟು ಜಾಗವನ್ನು ಮೀಸಲಿಡಬೇಕು. ಹೇಗೂ ಒಳಗೆ ಯಾರೂ ಕಾಣುವುದಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗದು. ಮತ್ತು ಯಂತ್ರದ ಪಕ್ಕ ಮಲಗುವ ನಮ್ಮ ಅತ್ತೆಗೆ ತಮ್ಮ ಪದವಿಯನ್ನು ಒಂದು ವಾರದ ಮಟ್ಟಿಗಾದರೂ ಬಿಟ್ಟುಕೊಡಬೇಕು, ಬೆಳಗ್ಗೆ ಒಮ್ಮೆ ‘ಏಳಿ’ ಎಂದು ಹೇಳಿ ದಿನವಿಡೀ ಯಾರೂ ಮುಟ್ಟದಂತೆ ಮಲಗುವ ಸುಖವನ್ನು ಅವರೂ ನೋಡಲಿ.

ಅಕ್ಕನ ವಿಷಯ ಹೇಳದೆ ಮುಗಿಸಿದರೆ ಅದೂ ಸುಳ್ಳಿನ ಬಗೆಯೇ ಆದೀತು. ನಿನ್ನೆ ಮಧ್ಯಾಹ್ನ ಅವಳೂ ನಾನೂ ಎದುರುಬದುರು ಕುಳಿತು ಕೋಟುಗಳ ಹೊಲಿಗೆ ಬಿಚ್ಚಿದೆವು. ‘ಸಾಕು’ ಬಿಚ್ಚುವುದು ಕಷ್ಟ, ಅಕ್ಷರ ಒತ್ತಾಗಿದೆ. “ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತೇ ನಿಂಗೆ?” ಎಂದಳು. “ಏನೂ ಆಗ್ತಿರಲಿಲ್ಲ ಅಕ್ಕ, ಇಲ್ಲೇ ಇರ್ತಿದ್ದೆ” ಎಂದೆ. ಅವಳು ದಾರದ ಚೂರುಗಳನ್ನು ಮಡಿಲಿನಿಂದ ಕೊಡವಿದಳು. “ನಂಗೆ ಆ ಧೈರ್ಯ ಇಲ್ಲ ಕಣೇ. ನಾನು ಇಲ್ಲೇ ಇರಬೇಕಲ್ಲ” ಎಂದಳು. ಆಮೇಲೆ ಎದ್ದು ಹೋಗಿ, ಮದುವೆಗೆ ಮುಂಚೆ ತನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಗೆ ಫೋನ್ ಮಾಡಿದಳು. ಆಕೆ ಬೇರೆ ಊರಿನಲ್ಲಿ ಹಾಸಿಗೆ ಹೊದಿಕೆ ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. “ನನ್ನ ತಂಗಿ. ಕೂತಲ್ಲಿ ಕೂರಲ್ಲ, ಹೇಳಿದ್ದು ಕೇಳಲ್ಲ. ಸುಳ್ಳು ಹೇಳಲ್ಲ, ಅದೇ ದೊಡ್ಡ ತಲೆನೋವು. ಇಟ್ಕೋತೀಯಾ?” ಎಂದು ಕೇಳುತ್ತಿದ್ದುದು ಗೋಡೆಯ ಈಚೆಗೂ ಕೇಳಿಸಿತು. ಆಚೆಯವರು ಏನೋ ಹೇಳಿ ನಕ್ಕಿರಬೇಕು. ಅಕ್ಕ ನಗಲಿಲ್ಲ.

ಇಷ್ಟೆಲ್ಲ ಆದ ಮೇಲೂ ತಮ್ಮ ಮೇಲಿನ ವಿಶ್ವಾಸ ಕಳೆದುಕೊಳ್ಳದೆ, ತಮ್ಮ ಮೌನಕ್ಕೆ ಕೈಮುಗಿಯುತ್ತ,

ತಮ್ಮ ಜೊತೆಗೇ ಈ ಮನೆಯಲ್ಲಿ ಹೆಚ್ಚಾಗಿದ್ದ ವಿಶ್ವಾಸಿ,
ಅಕ್ಕನ ತಂಗಿ

ತಾ.ಕ.: ಭಾವ ಎದುರಂಗಡಿಯ ರಿಪೇರಿಯವರನ್ನು ಕರೆಸಿದ್ದಾರೆ. ಅವರು ಮುಂದಿನ ವಾರ ಬಂದು ಸಿಸ್ಟಮ್ಮನ್ನು ಮತ್ತೊಮ್ಮೆ ಹೊಸದಾಗಿ ಹಾಕುತ್ತಾರಂತೆ, ಆಗ ಎಲ್ಲ ಸರಿಹೋಗುತ್ತದಂತೆ. ತಮಗೆ ಒಬ್ಬ ತಮ್ಮನೋ ತಂಗಿಯೋ ಬರುವ ಸೂಚನೆ ಇದೆ, ಮುಂಗಡವಾಗಿ ಅಭಿನಂದನೆಗಳು. ಅಕ್ಕನ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿ, ಪೆನ್‌ಡ್ರೈವ್‌ಗೆ ಹಾಕಿ, ಅವಳ ಕೈಗೆ ಕೊಟ್ಟಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಅಕ್ಕನ ಗೆಳತಿಯ ಊರಿಗೆ ನಾನು ಹೊರಡುತ್ತೇನೆ.